ಅಕ್ಕ ನೋಡಬೇಕಿದ್ದ ಕೆರೆ

ಜರ್ಮನಿಯಿಂದ ಬಂದ ಮೇಲೆ ಶಹಾಪುರದ ನಮ್ಮ ಓಣಿಯವರು ಕೇಳಿದ್ದು ಎರಡೇ ಮಾತು. ಅಲ್ಲಿ ಜೋಳದ ರೊಟ್ಟಿ ಸಿಗುತ್ತದೆಯೋ ಇಲ್ಲವೋ, ವಿಮಾನದ ಕಿಟಕಿ ತೆಗೆಯಲು ಬರುತ್ತದೆಯೋ ಇಲ್ಲವೋ. ಎರಡಕ್ಕೂ ಇಲ್ಲ ಎಂದೆ. ಅವರಿಗೆ ಅಷ್ಟಕ್ಕೇ ಸಾಕಾಯಿತು.

ಕೆರೆಯ ವಿಷಯ ಯಾರೂ ಕೇಳಲಿಲ್ಲ. ಅಲ್ಲಿದ್ದ ಹತ್ತು ದಿನದಲ್ಲಿ ನಾನು ಹೆಚ್ಚು ಹೊತ್ತು ಕಳೆದದ್ದು ಒಂದು ದೊಡ್ಡ ಕೆರೆಯ ದಂಡೆಯಲ್ಲಿ, ಎಲೆ ಉದುರುವ ಮರಗಳ ಕೆಳಗೆ. ಚಳಿಗಾಲ ಬರುವ ಮುಂಚೆ ಅಲ್ಲಿಯ ಜನ ಹೇಗೆ ಬಿಸಿಲಿಗೆ ಬೀಳುತ್ತಾರೆ, ತೋಟಗಳನ್ನು ಹೇಗೆ ಮಲಗಿಸುತ್ತಾರೆ ಎಂದು ನೋಡಿ ಬಂದಿದ್ದೇನೆ. ಆದರೆ ಅದನ್ನು ನೋಡಬೇಕಾದವಳು ನಾನಾಗಿರಲಿಲ್ಲ. ನನ್ನ ಅಕ್ಕ ಭೀಮಬಾಯಿ ನೋಡಬೇಕಿತ್ತು. ಅವಳ ಜಾಗದಲ್ಲಿ ನಾನು ಹೋದೆ, ಸುಳ್ಳು ಹೇಳಿ ಹೋದೆ. ನಾನು ಕಲಿತದ್ದು ಐದನೆಯ ಇಯತ್ತೆ. ಬರೆಯುವ ರೂಢಿ ಇಲ್ಲ. ಆದರೂ ಇದನ್ನು ಬಾಯಿಂದ ಹೇಳಲು ಹೋದರೆ ನನಗೆ ಅನುಕೂಲವಾಗುವಂತೆ ಹೇಳಿಬಿಡುತ್ತೇನೆ ಎಂಬ ಭಯದಿಂದ ಬರೆಯುತ್ತಿದ್ದೇನೆ.

ಶಹಾಪುರ, ಹೊರಡುವ ಮುಂಚೆ

ಅಕ್ಕ ಇರುವುದು ದೋರನಹಳ್ಳಿಯಲ್ಲಿ. ನನಗಿಂತ ಏಳು ವರ್ಷ ದೊಡ್ಡವಳು. ಹತ್ತಿ ಬಿಡಿಸುವ ದಿನಗಳಲ್ಲಿ ಕೂಲಿಗೆ ಹೋಗುತ್ತಾಳೆ, ಉಳಿದ ದಿನ ಕೌದಿ ಹೊಲಿಯುತ್ತಾಳೆ. ಹಳೆಯ ಸೀರೆ, ಧೋತರ, ಕುಪ್ಪಸದ ತುಂಡು ಏನು ಕೊಟ್ಟರೂ ಅವಳ ಕೈಯಲ್ಲಿ ಅದಕ್ಕೊಂದು ಚೆಂದ ಬರುತ್ತದೆ. ಆದರೆ ಅವಳು ಎಡಚಿ. ಸಣ್ಣವಳಿದ್ದಾಗ ಊಟಕ್ಕೆ ಕೂತರೆ ಅಜ್ಜಿ ಅವಳ ಎಡಗೈಯನ್ನು ಸೆರಗಿನಿಂದ ಸೊಂಟಕ್ಕೆ ಕಟ್ಟುತ್ತಿದ್ದಳು. ಬಲಗೈಯಿಂದ ಉಣ್ಣುವುದನ್ನು ಕಲಿತಳು. ಸೂಜಿ ಹಿಡಿಯುವುದನ್ನು ಮಾತ್ರ ಬಲಗೈಗೆ ಕಲಿಸಲು ಆಗಲಿಲ್ಲ.

ನಮ್ಮ ಕಡೆ ಕೆಲವರಲ್ಲಿ ಒಂದು ನಂಬಿಕೆ ಇದೆ. ಎಡಗೈಯಿಂದ ಹೊಲಿದ ಕೌದಿಯನ್ನು ಬಾಣಂತಿಗೆ ಹೊದಿಸಬಾರದು, ಮದುವೆ ಮನೆಯಲ್ಲಿ ಹಾಸಬಾರದು. ಅದಕ್ಕೇ ನಾನು ಹದಿನಾರು ವರ್ಷದವಳಿದ್ದಾಗಿನಿಂದ ನಮ್ಮಿಬ್ಬರಲ್ಲಿ ಒಂದು ಒಪ್ಪಂದವಿತ್ತು. ಹೊಲಿಯುವವಳು ಅಕ್ಕ. ಯಾರಾದರೂ ಕೇಳಿದರೆ "ನಾ ಹೊಲಿದದ್ದರಿ" ಎನ್ನುವವಳು ನಾನು. ನನ್ನ ಮಾತಿನ ಮೇಲೆ ಅವಳ ಕೌದಿಗಳು ಎಷ್ಟೋ ಮನೆಗಳ ತೊಟ್ಟಿಲಿಗೆ ಹೋದವು. ಆಗ ಅದು ನಾನು ಅವಳಿಗೆ ಮಾಡುವ ಸಹಾಯ ಎಂದೇ ತಿಳಿದಿದ್ದೆ.

ಹೋದ ವರ್ಷ ಒಂದು ಮಹಿಳಾ ಸಂಘದ ಮೇಡಂ ನಮ್ಮ ಓಣಿಗೆ ಬಂದರು. ನಮ್ಮ ಮನೆಯ ಗೋಡೆಯ ಮೇಲೆ ಅಕ್ಕನ ಒಂದು ಕೌದಿ ಬಿಸಿಲಿಗೆ ಹಾಕಿತ್ತು. ಅವರು ಅದರ ಮುಂದೆ ನಿಂತುಬಿಟ್ಟರು.

"ಯಾರು ಹೊಲಿದಿದ್ದು ಇದು?"

"ನಾನರಿ," ಎಂದೆ.

ನಾಲಿಗೆಗೆ ರೂಢಿಯಾಗಿತ್ತು. ಅಷ್ಟರ ಮಟ್ಟಿಗೆ ನನ್ನನ್ನು ನಾನು ಕ್ಷಮಿಸಬಲ್ಲೆ. ಆದರೆ ಎರಡು ತಿಂಗಳ ಮೇಲೆ ಅದೇ ಮೇಡಂ ಫೋನ್ ಮಾಡಿ, ಜರ್ಮನಿಯ ಒಂದು ಊರಿನಲ್ಲಿ ಬೇರೆ ಬೇರೆ ದೇಶದ ಕೌದಿಗಳನ್ನು ತೂಗುಹಾಕುತ್ತಾರೆ, ನಿಮ್ಮ ಕೌದಿಯ ಜೊತೆ ನಿಮ್ಮನ್ನೂ ಕರೆದಿದ್ದಾರೆ ಎಂದಾಗ ತಿದ್ದಬಹುದಿತ್ತು. ಪಾಸ್‌ಪೋರ್ಟಿನ ಫೋಟೋಕ್ಕೆ ಕೂತಾಗ ತಿದ್ದಬಹುದಿತ್ತು. ಯಾದಗಿರಿ ಸ್ಟೇಷನ್ನಿನಲ್ಲಿ ರೈಲು ಹತ್ತುವ ತನಕ ಅವಕಾಶವಿತ್ತು.

ದೋರನಹಳ್ಳಿಗೆ ಹೋಗಿ ಅಕ್ಕನಿಗೆ ಹೇಳಿದೆ. ಅಂಗಳದಲ್ಲಿ ಕೂತು ತೊಗರಿ ಹಸನು ಮಾಡುತ್ತಿದ್ದಳು. ಮೊರದಿಂದ ತಲೆ ಎತ್ತಲಿಲ್ಲ.

"ಹೋಗಿ ಬಾ ನಾಗಿ. ನಿನಗರ ನಾಕು ಮಂದ್ಯಾಗ ಮಾತಾಡಾಕ ಬರ್ತದ. ನಾ ಹೋಗಿ ಅಲ್ಲೇನು ದನ ಕಾಯ್ಲಿ?"

ನಾನು ನಕ್ಕೆ. ಅವಳೂ ನಕ್ಕಳು. ಮೊರ ಕೆಳಗಿಟ್ಟು ಕೇಳಿದಳು: "ಆ ಊರಾಗ ನೀರು ಅದ ಏನು?"

"ದೊಡ್ಡ ಕೆರಿ ಅದಂತ."

"ಎಷ್ಟು ದೊಡ್ಡದು? ನಾರಾಯಣಪುರದಷ್ಟು?"

ಅಕ್ಕ ತನ್ನ ಜೀವನದಲ್ಲಿ ನೋಡಲೆಂದೇ ಹೋದ ಒಂದೇ ಜಾಗ ನಾರಾಯಣಪುರದ ಡ್ಯಾಮು. ಗೇಟು ತೆಗೆದಿದ್ದಾರೆಂದು ಊರ ಹೆಂಗಸರೆಲ್ಲ ಟೆಂಪೋ ಮಾಡಿಕೊಂಡು ಹೋಗಿದ್ದರು. ಎಲ್ಲರೂ ನೋಡಿ, ಬುತ್ತಿ ಉಂಡು, ಟೆಂಪೋ ಹತ್ತಿದರೂ ಇವಳು ನೀರಿನ ಮುಂದಿನಿಂದ ಏಳಲಿಲ್ಲವಂತೆ. ಇಬ್ಬರು ಹೋಗಿ ರಟ್ಟೆ ಹಿಡಿದು ಎಬ್ಬಿಸಿಕೊಂಡು ಬಂದರು. ಅದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ "ಹೋಗಿ ಬಾ" ಎಂದ ಅವಳ ಮಾತನ್ನು ಅಪ್ಪಣೆ ಎಂದುಕೊಂಡೆ.

ಕೆರೆಯ ದಂಡೆ

ನಮ್ಮಲ್ಲಿ ಎಲೆ ಉದುರಿದರೆ ಬೇಸಿಗೆ ಬಂತು ಎಂದರ್ಥ. ಅಲ್ಲಿ ಎಲೆ ಉದುರಿದರೆ ಚಳಿ ಬಂತು ಎಂದರ್ಥ. ನಮ್ಮ ಎಲೆಗಳು ಒಣಗಿ, ಬೂದುಬಣ್ಣಕ್ಕೆ ತಿರುಗಿ ಬೀಳುತ್ತವೆ. ಅಲ್ಲಿಯವು ಬೀಳುವ ಮುಂಚೆ ಅರಿಶಿಣ, ಕುಂಕುಮ, ಇಟ್ಟಂಗಿ ಬಣ್ಣ ಎಲ್ಲ ಬಳಿದುಕೊಳ್ಳುತ್ತವೆ. ಸಾಯುವುದಕ್ಕೆ ಇಷ್ಟು ಸಿಂಗಾರವೇ ಎನ್ನಿಸಿತು.

ನಾನು ಇಳಿದುಕೊಂಡ ಮನೆಯ ಬಾಗಿಲಲ್ಲಿ ಮೊಣಕಾಲೆತ್ತರಕ್ಕೆ ಎಲೆ ಬಿದ್ದಿತ್ತು. ಮೊದಲ ಬೆಳಿಗ್ಗೆ ಬೇಗ ಎಚ್ಚರವಾಯಿತು. ಹೆಣ್ಣುಮಕ್ಕಳು ಎದ್ದು ಬಾಗಿಲು ಗುಡಿಸದಿದ್ದರೆ ಹೇಗೆ ಎಂದು ಮೂಲೆಯಲ್ಲಿದ್ದ ಕಸಬರಿಗೆ ತೆಗೆದುಕೊಂಡು ಅಂಗಳ ಪೂರ್ತಿ ಗುಡಿಸಿ, ಗೋಡೆಯ ಬುಡದಲ್ಲಿದ್ದ ಒಂದು ಗುಡ್ಡೆಯನ್ನೂ ಎಳೆದು ರಸ್ತೆಯ ಬದಿಗೆ ಹಾಕಿದೆ. ಪಕ್ಕದ ಮನೆಯ ಮುದುಕ ಹೊರಗೆ ಬಂದು ಎರಡೂ ಕೈ ತಲೆಯ ಮೇಲೆ ಇಟ್ಟುಕೊಂಡ. ಅವನಿಗೇನೋ ಆಗಿದೆ ಎಂದು ನಾನು ಹೆದರಿದೆ. ಅಷ್ಟರಲ್ಲಿ ಸಮೀನಾ ಬಂದಳು.

ಸಮೀನಾ ಹೈದರಾಬಾದಿನ ಹುಡುಗಿ, ಅಲ್ಲಿ ಓದುತ್ತಿದ್ದಾಳೆ. ನನ್ನ ಮಾತನ್ನು ಅವರಿಗೆ, ಅವರ ಮಾತನ್ನು ನನಗೆ ಹೇಳಲು ಅವಳನ್ನು ಇಟ್ಟಿದ್ದರು. ಅವಳಿಗೆ ಕನ್ನಡ ಬರುವುದಿಲ್ಲ. ಆದರೆ ಶಹಾಪುರದಲ್ಲಿ ನಮ್ಮ ಗೋಡೆಗೆ ಗೋಡೆ ಹತ್ತಿದ ಮನೆಯವರು ಮುಸಲ್ಮಾನರು. ಅವರ ಅಂಗಳದಲ್ಲೇ ಬೆಳೆದ ನನಗೆ ಅವರ ದಖನಿ ಉರ್ದು ಮಾತಾಡುವುದು ನೀರು ಕುಡಿದಂತೆ. ಅವಳು ನನ್ನನ್ನು ಖಾಲಾ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದಳು.

"ಕೈಕು ಝಾಡೇ ಖಾಲಾ?" ಅಂದರೆ ಯಾಕೆ ಗುಡಿಸಿದಿರಿ, ಎಂದು ನಗತೊಡಗಿದಳು. ಮೈ ತುಂಬ ಮುಳ್ಳಿರುವ, ಇಲಿಗಿಂತ ದೊಡ್ಡದಾದ ಒಂದು ಪ್ರಾಣಿ ಅಲ್ಲಿದೆಯಂತೆ. ಚಳಿಗಾಲವೆಲ್ಲ ಮಲಗಿಯೇ ಇರುತ್ತದಂತೆ. ಅದಕ್ಕೆ ಹಾಸಿಗೆಯಾಗಲಿ ಎಂದು ಮುದುಕ ವಾರದಿಂದ ಕೂಡಿಸಿದ ಎಲೆಯ ಗುಡ್ಡೆ ಅದು. ನಾನು ಕೈಮುಗಿದೆ. ಮುದುಕನೂ ನಾನೂ ಕೂಡಿ ಎಲೆ ಹೊತ್ತು ಮತ್ತೆ ಗೋಡೆಯ ಬುಡಕ್ಕೆ ಹಾಕಿದೆವು. ಕೊನೆಗೆ ಅವನು ಒಳಗೆ ಹೋಗಿ ನನಗೊಂದು ಸೇಬು ತಂದುಕೊಟ್ಟ.

ಕೆರೆ ನಾರಾಯಣಪುರಕ್ಕಿಂತ ದೊಡ್ಡದು. ಆಚೆಯ ದಂಡೆ ಬೇರೆ ದೇಶವಂತೆ, ಮಂಜಿನಲ್ಲಿ ಕಾಣುತ್ತಿರಲಿಲ್ಲ. ದಂಡೆಯ ಉದ್ದಕ್ಕೂ ನಡೆಯುವ ದಾರಿ, ಎರಡೂ ಕಡೆ ಮರ. ಹತ್ತು ಗಂಟೆಗೆ ಮಂಜು ಹರಿದು ಬಿಸಿಲು ಬಿದ್ದರೆ ಬೆಂಚುಗಳೆಲ್ಲ ತುಂಬುತ್ತವೆ. ಕೋಟು ಹಾಕಿಕೊಂಡು, ಕಣ್ಣು ಮುಚ್ಚಿ, ಮುಖವನ್ನು ಸೂರ್ಯನ ಕಡೆ ಎತ್ತಿ ಕೂತುಬಿಡುತ್ತಾರೆ. ಯಾರೂ ಯಾರ ಜೊತೆಗೂ ಮಾತಾಡುವುದಿಲ್ಲ. ಬಿಸಿಲಿನಿಂದ ಓಡಿ ನೆರಳು ಹುಡುಕುವ ಊರಿನವಳಿಗೆ ಅದು ವಿಚಿತ್ರವೇ. ಮೂರನೆಯ ದಿನ ನಾನೂ ಹಾಗೇ ಕೂತೆ. ಕಣ್ಣು ಮುಚ್ಚಿದರೆ ಅಕ್ಕನ ಮಾತು ಕೇಳಿಸಿತು: ಆ ಊರಾಗ ನೀರು ಅದ ಏನು? ಎದ್ದುಬಿಟ್ಟೆ. ಆಮೇಲೆ ಬೆಂಚಿನ ಮೇಲೆ ಕೂರಲಿಲ್ಲ, ನಡೆಯುತ್ತಲೇ ಇದ್ದೆ.

ಗಾಜಿನ ಮನೆ

ಕೆರೆಯ ಪಕ್ಕದ ದೊಡ್ಡ ತೋಟದಲ್ಲಿ ಒಂದು ಹಳೆಯ ಗಾಜಿನ ಮನೆ. ಅದರೊಳಗೆ ಕೌದಿಗಳನ್ನು ತೂಗುಹಾಕಿದ್ದರು. ನಮ್ಮದು ಬಾಗಿಲಿಗೆ ಎದುರಾಗಿಯೇ ಇತ್ತು. ಮನೆಯಲ್ಲಿ ಹೊದ್ದು, ತೊಳೆದು, ಗೋಡೆಗೆ ಹಾಕುವ ಕೌದಿ ಅಲ್ಲಿ ಎದ್ದು ನಿಂತಿತ್ತು. ಅವ್ವನ ಇಳಕಲ್ ಸೀರೆಯ ಕೆಂಪು ಸೆರಗು, ನನ್ನ ಶಾಲೆಯ ನೀಲಿ ಲಂಗದ ತುಂಡು, ಎಲ್ಲ ದೂರದಿಂದಲೇ ಗುರುತು ಸಿಕ್ಕವು. ಕೆಳಗೆ ಚೀಟಿಯಲ್ಲಿ ಹೆಸರು. ಸಮೀನಾ ಓದಿ ಹೇಳಿದಳು: "ನಾಗಮ್ಮ, ಶಹಾಪುರ." ನಾನು ಬೇರೆ ಕಡೆ ನೋಡಿದೆ.

ಅಂದು ಹತ್ತು ಹನ್ನೆರಡು ಹೆಂಗಸರ ಮುಂದೆ ಕೂತು ನಾನು ಒಂದು ಸಣ್ಣ ಕೌದಿ ಹೊಲಿದು ತೋರಿಸಬೇಕಿತ್ತು. ಹೊಲಿಗೆ ನನಗೂ ಬರುತ್ತದೆ, ಅಕ್ಕನಷ್ಟಲ್ಲ. ಕೊನೆಯ ಮೂಲೆ ಮುಚ್ಚುವ ಮುಂಚೆ ಕೌದಿ ಹಸಿದಿರಬಾರದು ಎಂದು ಒಂದು ಚೂರು ರೊಟ್ಟಿ ಒಳಗಿಡುವುದು ನಮ್ಮ ಪದ್ಧತಿ. ಅಲ್ಲಿ ಅವರ ಕರಿ ಬ್ರೆಡ್ಡಿನ ಚೂರು ಇಟ್ಟೆ. ಒಬ್ಬಾಕೆ ಇಲಿ ಬಂದರೆ ಏನು ಮಾಡುವುದು ಎಂದು ಕೇಳಿದಳು. "ಇಲಿನೂ ಉಣ್ಲಿ ಬಿಡ್ರಿ" ಎಂದೆ. ಎಲ್ಲರೂ ನಕ್ಕರು.

ಒಬ್ಬರು ಮಾತ್ರ ನಗಲಿಲ್ಲ. ಅವರ ಹೆಸರು ಉರ್ಸುಲಾ, ಎಪ್ಪತ್ತು ದಾಟಿದವರು, ಜೀವನ ಪೂರ್ತಿ ಹೊಲಿಗೆ ಕೆಲಸ ಮಾಡಿದವರು. ನಾನು ನಮ್ಮ ರೂಢಿಯಂತೆ ಉರ್ಸುಲಾಬಾಯಿ ಎಂದೇ ಕರೆಯುತ್ತಿದ್ದೆ. ಅವರು ನನ್ನ ಕೈಯನ್ನೇ ನೋಡುತ್ತಿದ್ದರು. ಆಮೇಲೆ ಎದ್ದು ಹೋಗಿ ಅಕ್ಕನ ಕೌದಿಯ ಮುಂದೆ ಬಹಳ ಹೊತ್ತು ನಿಂತರು.

ಉರ್ಸುಲಾಬಾಯಿಯ ತೋಟ

ಎರಡು ದಿನ ಬಿಟ್ಟು ಅವರು ನನ್ನನ್ನೂ ಸಮೀನಾಳನ್ನೂ ತಮ್ಮ ತೋಟಕ್ಕೆ ಕರೆದರು. ಅಲ್ಲಿಯ ಜನರಿಗೆ ಮನೆ ಒಂದು ಕಡೆ, ತೋಟ ಒಂದು ಕಡೆ. ಊರ ಹೊರಗೆ ಸಾಲಾಗಿ ಸಣ್ಣ ಸಣ್ಣ ತೋಟ, ಪ್ರತಿಯೊಂದರಲ್ಲಿ ಒಂದು ಕಟ್ಟಿಗೆಯ ಗುಡಿಸಲು. ಅಂದು ಎಲ್ಲ ತೋಟಗಳಲ್ಲೂ ಜನ. ಇನ್ನೊಂದು ವಾರದಲ್ಲಿ ಹಿಮ ಬೀಳಬಹುದು, ಅಷ್ಟರಲ್ಲಿ ಕೆಲಸ ಮುಗಿಯಬೇಕು ಎಂಬ ಗಡಿಬಿಡಿ. ನಮ್ಮಲ್ಲಿ ಮಳೆಗೆ ಮುಂಚೆ ಬಣವೆ ಒಟ್ಟುವಾಗ ಇರುವಂಥದ್ದೇ.

ಅವರು ಡೇಲಿಯಾ ಹೂವಿನ ಗಡ್ಡೆಗಳನ್ನು ಅಗೆದು, ಮಣ್ಣು ಒರೆಸಿ, ಪೆಟ್ಟಿಗೆಯಲ್ಲಿ ಇಡುತ್ತಿದ್ದರು. ಪ್ರತಿ ಗಡ್ಡೆಗೂ ದಾರ ಕಟ್ಟಿ ಒಂದು ಚೀಟಿ. ಹೂವಿನ ಹೆಸರು ಇರಬೇಕು ಎಂದುಕೊಂಡೆ. ಸಮೀನಾ ಓದಿದಳು. ಗಡ್ಡೆ ಯಾರು ಕೊಟ್ಟರೋ ಅವರ ಹೆಸರು. ಇದು ನಾದಿನಿ ಕೊಟ್ಟದ್ದು, ಇದು ಅಂಚೆಯವನ ಹೆಂಡತಿ ಕೊಟ್ಟದ್ದು, ಇದನ್ನು ಕೊಟ್ಟವರು ತೀರಿಕೊಂಡು ಹನ್ನೊಂದು ವರ್ಷ. ಪ್ರತಿ ವರ್ಷ ಚೀಟಿ ಹಳೆಯದಾದರೆ ಹೊಸದು ಬರೆದು ಕಟ್ಟುತ್ತಾರಂತೆ.

ನನಗೆ ಗುಲಾಬಿ ಗಿಡಗಳ ಕೆಲಸ ಕೊಟ್ಟರು. ಚಳಿಗೆ ಸಾಯಬಾರದೆಂದು ಗಿಡದ ಸುತ್ತ ಗೋಣಿತಟ್ಟು ಸುತ್ತಿ ಹೊಲಿಯುವುದು. ದಬ್ಬಣ, ಸುತಳಿ ಎಲ್ಲ ನಮ್ಮಲ್ಲಿಯಂತೆಯೇ. ಜೋಳದ ಚೀಲ ಹೊಲಿದ ಕೈ ನನ್ನದು, ಸರಸರನೆ ಮೂರು ಗಿಡ ಮುಗಿಸಿದೆ. ತಲೆ ಎತ್ತಿದರೆ ಉರ್ಸುಲಾಬಾಯಿ ನಿಂತಿದ್ದಾರೆ. ಸಮೀನಾಳಿಗೆ ಏನೋ ಹೇಳಿದರು. ಅವಳ ಮುಖದ ನಗು ಹೋಯಿತು.

"ಖಾಲಾ, ಇವರು ಕೇಳಾಕತ್ತಾರ," ಎಂದಳು. ಅವಳು ಹೇಳಿದ್ದು ದಖನಿಯಲ್ಲಿ, ನನ್ನ ಕಿವಿಗೆ ಅದು ನಮ್ಮ ಮಾತಾಗಿಯೇ ಬಿತ್ತು. "ತೂಗುಹಾಕಿದ ಕೌದಿ ಎಡಗೈಯವರು ಹೊಲಿದದ್ದು. ತುಂಡಿನ ಮ್ಯಾಲೆ ತುಂಡು ಕುಂತಿದ್ದು ಎಲ್ಲಾ ಉಲ್ಟಾ ಅದ. ನೀವು ಬಲಗೈಲೆ ಹೊಲೀತೀರಿ. ಎರಡೂ ಕೈಲೆ ಬರ್ತದೇನು ನಿಮಗ?"

ಅವರು ನನಗೆ ದಾರಿ ಬಿಟ್ಟುಕೊಟ್ಟಿದ್ದರು. ಇಲ್ಲ ಎಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ನಾನು ಹೇಳಿದ್ದು: "ಹೌದು, ಎರಡೂ ಕೈಲೆ ಬರ್ತದ."

ಉರ್ಸುಲಾಬಾಯಿಯ ಮುಖ ಅರಳಿತು. ದಬ್ಬಣ ತೋರಿಸಿ, ಎಡಗೈಯಿಂದ ಎಂದು ಸನ್ನೆ ಮಾಡಿದರು. ಆ ನಿಮಿಷ ನನಗೆ ಈಗಲೂ ಮರೆಯಲು ಆಗುತ್ತಿಲ್ಲ. ದಬ್ಬಣವನ್ನು ಎಡಗೈಗೆ ಬದಲಿಸಿದೆ. ಒಂದು ಹೊಲಿಗೆ ಹಾಕಿದೆ, ಸುತಳಿ ಜಾರಿತು. ಎರಡನೆಯದಕ್ಕೆ ದಬ್ಬಣ ಗೋಣಿ ದಾಟಿ ಬಲಗೈ ಹೆಬ್ಬೆರಳಿಗೆ ಹೊಕ್ಕಿತು. ರಕ್ತ ಬಂತು. ಸಮೀನಾ "ಅರೇ ಅಲ್ಲಾ" ಎಂದು ಓಡಿಬಂದಳು. ನಾನು ಮಣ್ಣಿನ ಮೇಲೆ ಕೂತುಬಿಟ್ಟೆ.

"ಸಮೀನಾ, ನನಗ ಬರಂಗಿಲ್ಲ. ಅದು ನಾ ಹೊಲಿದದ್ದಲ್ಲ. ನಮ್ಮ ಅಕ್ಕ ಹೊಲಿದದ್ದು. ಹೇಳು ಅವರಿಗೆ."

"ಎಲ್ಲಾ ಹೇಳ್ಲೇನು ಖಾಲಾ?"

"ಎಲ್ಲಾ."

ಎಲ್ಲಾ ಎಂದ ಮೇಲೆ ಇದನ್ನೂ ಹೇಳಬೇಕಾಯಿತು. ಆ ಕೌದಿಯನ್ನು ಅಕ್ಕ ಹೊಲಿದದ್ದು ನನ್ನ ಮಗಳ ಬಾಣಂತನಕ್ಕೆ. ಮಗಳನ್ನು ಕೊಟ್ಟದ್ದು ಸುರಪುರಕ್ಕೆ. ಮೊಮ್ಮಗಳ ಹೆಸರಿಡುವ ದಿನ ಬೀಗತಿ ಕೌದಿಯನ್ನು ಬಹಳ ಹೊಗಳಿದರು. ಸಂತೋಷದಲ್ಲಿ ನಾನು, ಜೀವನದಲ್ಲಿ ಒಂದೇ ಸಲ, ನಿಜ ಹೇಳಿಬಿಟ್ಟೆ: "ನಮ್ಮ ಅಕ್ಕಂದರಿ ಕೈ." ಅಕ್ಕ ಎಡಚಿ ಎಂದು ಅವರಿಗೆ ಗೊತ್ತಿತ್ತು. ಎದುರಿಗೆ ಏನೂ ಅನ್ನಲಿಲ್ಲ. ಎಂಟು ದಿನದ ಮೇಲೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಸುರಪುರದ ಬಸ್ಸಿನಲ್ಲಿ ವಾಪಸು ಕಳಿಸಿದರು. ಅಕ್ಕ ಅಂದು ನನ್ನ ಮನೆಯಲ್ಲೇ ಇದ್ದಳು. ಚೀಲವನ್ನು ಬಿಚ್ಚಿದವಳು ಅವಳೇ. ಕೌದಿಯನ್ನು ಮೂಸಿ ನೋಡಿ, "ತೊಳದು ಕಳಿಸ್ಯಾರ ನೋಡು, ಚಲೋ ಮಂದಿ" ಎಂದಳು. ಮಡಚಿ ನನ್ನ ಟ್ರಂಕಿನಲ್ಲಿಟ್ಟು ಸಂಜೆಯ ಬಸ್ಸಿಗೆ ದೋರನಹಳ್ಳಿಗೆ ಹೋದಳು. ಆಮೇಲೆ ಯಾರ ಬಾಣಂತನಕ್ಕೂ ಅವಳು ಹೊಲಿಯಲಿಲ್ಲ.

ಸಮೀನಾ ಹೇಳಿ ಮುಗಿಸಿದಳು. ಉರ್ಸುಲಾಬಾಯಿ ನನ್ನ ಬೆರಳಿಗೆ ಬಟ್ಟೆ ಕಟ್ಟಿದರು. ತಮ್ಮ ಕಾಲದಲ್ಲಿ ಅಲ್ಲಿಯೂ ಶಾಲೆಗಳಲ್ಲಿ ಎಡಗೈ ಮಕ್ಕಳನ್ನು ಕೋಲಿನಿಂದ ಬಡಿದು ಬಲಗೈಗೆ ತಿರುಗಿಸುತ್ತಿದ್ದರು, ತಾವೂ ಅಂಥವರೇ ಎಂದರು. ಹೊಲಿಗೆಯ ದಿಕ್ಕು ಕಂಡದ್ದು ಅದಕ್ಕೇ. ನಾನು ಸಮಾಧಾನದ ಮಾತಿಗೆ ಕಾಯುತ್ತಿದ್ದೆ. ಅವರು ಸಮಾಧಾನ ಹೇಳಲಿಲ್ಲ.

"ನಾಳೆ ಚೀಟಿ ಬದಲಿಸಬೇಕು. ಅಕ್ಕನ ಹೆಸರು ಬರೆದುಕೊಡಿ," ಎಂದು ಹೇಳಿ, ಬೆನ್ನು ತಿರುಗಿಸಿ, ಗಡ್ಡೆ ಅಗೆಯಲು ಹೋದರು.

ಉಳಿದ ಗುಲಾಬಿ ಗಿಡಗಳನ್ನು ನಾನು ಕಟ್ಟಿದ ಬೆರಳಿನಲ್ಲೇ ಹೊಲಿದು ಮುಗಿಸಿದೆ. ಹೊರಡುವ ಮುಂಚೆ ಅಕ್ಕನ ಹೆಸರು, ಊರು ಎರಡನ್ನೂ ಸಮೀನಾಳ ಕೈಯಿಂದ ಬರೆಸಿ ಕೊಟ್ಟೆ.

ಒಬ್ಬಳೇ ನಡೆದ ದಿನ

ಮರುದಿನ ನನ್ನನ್ನು ಕರೆಯಲು ಯಾರೂ ಬರಲಿಲ್ಲ. ಬೆಳಿಗ್ಗೆಯಿಂದ ಗಾಳಿ. ಹಿಂದಿನ ದಿನ ತಲೆ ತುಂಬ ಹಳದಿ ಇದ್ದ ಮರಗಳು ಮಧ್ಯಾಹ್ನದ ಹೊತ್ತಿಗೆ ಬರಿ ಕಟ್ಟಿಗೆಯಾಗಿದ್ದವು. ಒಬ್ಬ ಕೆಲಸದವನು ಬೆನ್ನಿಗೆ ಯಂತ್ರ ಕಟ್ಟಿಕೊಂಡು ಗಾಳಿ ಊದಿ ಎಲೆಗಳನ್ನು ದಾರಿಯಿಂದ ಓಡಿಸುತ್ತಿದ್ದ. ಅವನು ಓಡಿಸಿದ್ದನ್ನು ಕೆರೆಯ ಗಾಳಿ ಮತ್ತೆ ತಂದು ಹಾಕುತ್ತಿತ್ತು. ಬೆಂಚುಗಳು ಖಾಲಿ. ದೋಣಿಗಳನ್ನು ನೀರಿನಿಂದ ಎತ್ತಿ ದಂಡೆಯ ಮೇಲೆ ಬೋರಲು ಹಾಕಿದ್ದರು.

ನಾಲ್ಕು ತಾಸು ನಡೆದೆ. ದಾರಿಯಲ್ಲಿ ಒಬ್ಬ ಅಜ್ಜಿ ಕೈಯಲ್ಲಿ ಟವೆಲ್ ಹಿಡಿದು ಬಂದು, ಕೋಟು ಕಳಚಿಟ್ಟು, ಆ ಚಳಿಯಲ್ಲಿ ಕೆರೆಗೆ ಇಳಿದು ಈಜಿದಳು. ಮೇಲೆ ಬಂದು, ನನ್ನ ಕಡೆ ನೋಡಿ, ನೀರು ಚೆನ್ನಾಗಿದೆ ಎಂಬಂತೆ ತಲೆಯಾಡಿಸಿದಳು. ಆಗ ಅಳು ಬಂತು. ಅಕ್ಕ ಇಲ್ಲಿದ್ದಿದ್ದರೆ ಈ ಅಜ್ಜಿಯ ಜೊತೆ ಭಾಷೆಯಿಲ್ಲದೆಯೇ ದಿನವಿಡೀ ಕೂರುತ್ತಿದ್ದಳು. ನಾನು ಮಾತು ಬರುವವಳೆಂದು ಬಂದಿದ್ದೆ. ಇಷ್ಟು ದಿನದಲ್ಲಿ ನನ್ನ ಮಾತು ಉಪಯೋಗಕ್ಕೆ ಬಂದದ್ದು ಎರಡೂ ಕೈಲೆ ಬರ್ತದ ಎಂಬ ಎರಡನೆಯ ಸುಳ್ಳಿಗೆ.

ಗಾಜಿನ ಮನೆಗೆ ಹೋದೆ. ಚೀಟಿ ಬದಲಾಗಿತ್ತು. ಸಮೀನಾ ಬಾಗಿಲಲ್ಲಿ ನಿಂತಿದ್ದಳು, ಬೆರಳಿಟ್ಟು ಓದಿ ಹೇಳಿದಳು: "ಭೀಮಬಾಯಿ, ದೋರನಹಳ್ಳಿ. ಎಡಗೈಯಿಂದ ಹೊಲಿದದ್ದು." ಆ ಕೊನೆಯ ಸಾಲನ್ನು ಉರ್ಸುಲಾಬಾಯಿಯೇ ಸೇರಿಸಿ ಬರೆದರಂತೆ. ಕೌದಿಯ ಮುಂದೆ ಮೊದಲಿಗಿಂತ ಹೆಚ್ಚು ಜನ ನಿಂತು ನೋಡುತ್ತಿದ್ದರು.

ನಮ್ಮೂರಲ್ಲಿ ಆಗ ಸಂಜೆ ಐದಾಗಿರಬೇಕು. ಅಕ್ಕನ ಪಕ್ಕದ ಮನೆಯವರಿಗೆ ವಿಡಿಯೋ ಕಾಲ್ ಮಾಡಿದೆ. ಅವರು ಫೋನ್ ಅವಳ ಕೈಗೆ ಕೊಟ್ಟರು. ಹತ್ತಿ ಹೊಲದಿಂದ ಆಗಷ್ಟೇ ಬಂದಿದ್ದಳು, ತಲೆಯಲ್ಲಿ ಅರಳೆ ಸಿಕ್ಕಿಕೊಂಡಿತ್ತು.

"ಅಕ್ಕಾ, ನಿನ್ನ ಹೆಸರು ಬರಸೀನಿ. ನಾನು ಸುಳ್ಳು ಹೇಳಿ ಬಂದಿದ್ದೆ. ಎಲ್ಲಾರಿಗೂ ಖರೇ ಹೇಳಿಬಿಟ್ಟೆ."

"ಏನು ಖರೇ ಹೇಳಿದಿ?"

"ಕೌದಿ ನಿಂದು ಅಂತ. ನೀ ಎಡಗೈಲೆ ಹೊಲಿದದ್ದು ಅಂತ."

ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು.

"ಎಡಗೈ ಅಂತ ಯಾಕ ಹೇಳಿದ್ಯವ್ವಾ ನಾಗಿ?" ಎಂದಳು. ದನಿ ಸಣ್ಣದಾಗಿತ್ತು. "ಇಷ್ಟು ದಿನ ಚಂದ ತೂಗಹಾಕಿದ್ರಲ್ಲ. ಈಗ ತಗದುಬಿಡ್ತಾರ."

"ಇಲ್ಲಕ್ಕಾ, ಇಲ್ಲಿ ಹಂಗಿಲ್ಲ. ನೋಡು, ಇಲ್ಲೇ ಅದ." ಫೋನನ್ನು ಕೌದಿಯ ಕಡೆ ತಿರುಗಿಸಿದೆ. ಅವಳು ನೋಡಿದಳೋ ಇಲ್ಲವೋ.

"ಇವತ್ತು ಅದ. ಬೀಗರೂ ಎಂಟು ದಿನ ಇಟಗೊಂಡಿದ್ರು."

ಆಮೇಲೆ ಆಕಡೆ ಫೋನ್ ಯಾರದೋ ಕೈಗೆ ಹೋಯಿತು. ನಾನು ಅವಳಿಗೆ ಕೆರೆಯನ್ನು ತೋರಿಸಬೇಕೆಂದು ಓಡಿ ಹೊರಗೆ ಬರುವಷ್ಟರಲ್ಲಿ ಕಟ್ಟಾಗಿತ್ತು.

ಮತ್ತೆ ಶಹಾಪುರ

ಹೊರಡುವ ದಿನ ಉರ್ಸುಲಾಬಾಯಿ ಬಂದು ಕೈ ಕುಲುಕಿದರು. ಕೌದಿಯನ್ನು ಅಲ್ಲಿಯೇ ಕಾಯಂ ಇಟ್ಟುಕೊಳ್ಳಲು ಕೇಳಿದ್ದಾರೆ, ಅಕ್ಕನನ್ನು ವಸಂತದಲ್ಲಿ ಕರೆಸಬೇಕೆಂದೂ ಅವರ ಮನಸ್ಸಿನಲ್ಲಿದೆ. ಬಂದ ಮೂರನೆಯ ದಿನವೇ ದೋರನಹಳ್ಳಿಗೆ ಹೋಗಿ ಇದನ್ನೆಲ್ಲ ಹೇಳಿದೆ. ಕಾಲು ಹಿಡಿದೆ. "ಏಳು, ಹುಚ್ಚಿ" ಎಂದು ಎಬ್ಬಿಸಿ ಚಹ ಮಾಡಿಕೊಟ್ಟಳು. ಕೆರೆಯ ಫೋಟೋಗಳನ್ನು ಒಂದೊಂದಾಗಿ ನೋಡಿದಳು. ನೀರಿನ ಮೇಲೆ ಬೆರಳಿಟ್ಟು, "ಹಿಂಗ ಸುಮ್ನ ಕುಂತದಲ್ಲ, ಗೇಟಿಲ್ಲೇನು ಇದಕ್ಕ?" ಎಂದು ಕೇಳಿದಳು. ಕರೆಸುತ್ತಾರಂತೆ ಎಂದಾಗ ಮಾತ್ರ ಚಹದ ಬಟ್ಟಲು ತೆಗೆದುಕೊಂಡು ತೊಳೆಯಲು ಎದ್ದಳು.

ನನ್ನ ತಪ್ಪನ್ನು ಅವಳು ತಪ್ಪೆಂದೇ ಎಣಿಸಿಲ್ಲ. ನಾನು ನಿಜ ಹೇಳಿದ್ದೇ ಅವಳಿಗೆ ತಪ್ಪಾಗಿ ಕಾಣುತ್ತದೆ. ಮೂವತ್ತು ವರ್ಷ ನಾನು ಅವಳ ಕೈಯನ್ನು ಮುಚ್ಚಿಟ್ಟೆ. ಮುಚ್ಚಿಡುವಂಥದ್ದೇ ಅದು ಎಂದು ಅವಳು ನಂಬಿದ್ದರಲ್ಲಿ ಬೇರೆಯವರಷ್ಟೇ ನನ್ನ ಪಾಲೂ ಇದೆ.

ಬಂದು ನಾಲ್ಕು ತಿಂಗಳಾಯಿತು. ಸೋಮವಾರ ಶಹಾಪುರಕ್ಕೆ ಬಂದರೆ ಅಕ್ಕ ನಮ್ಮ ಮನೆಗೆ ಬರುತ್ತಾಳೆ. ಚಪ್ಪಲಿ ಬಿಟ್ಟು, ನೀರು ಕುಡಿದು, ಬಾಗಿಲ ಹಿಂದಿನ ಮೂಲೆಯಲ್ಲೂ ಟ್ರಂಕಿನ ಮೇಲೂ ಒಮ್ಮೆ ನೋಡುತ್ತಾಳೆ. ಆಮೇಲೆ ಕೇಳುತ್ತಾಳೆ:

"ಬಂತೇನು ಕೌದಿ?"

"ಇಲ್ಲಕ್ಕಾ. ಅಲ್ಲೇ ಅದ."

"ದೂರದ ಊರು," ಎನ್ನುತ್ತಾಳೆ. "ಬರಾಕ ದಿನ ಹಿಡೀತದ."